ದೆವ್ವಕ್ಕೊಂದು ವಿಳಾಸ



ಹೆದರಿಕೆಯ ಬಗ್ಗೆ ಮಾತಾಡುವುದಕ್ಕೆ ಬಾನುಲಿಗಿಂತ ಒಳ್ಳೆಯ ಜಾಗ ಇಲ್ಲ. ನಾನು ನಿಮಗೆ ಕಾಣುವುದಿಲ್ಲ, ನೀವು ನನಗೆ ಕಾಣುವುದಿಲ್ಲ. ನಡುವೆ ಇರುವುದು ದನಿ ಒಂದೇ. ಕರೆಂಟ್ ಹೋದ ರಾತ್ರಿ ಮನೆಯವರ ಬಾಯಲ್ಲಿ ಕಥೆ ಕೇಳಿದವರಿಗೆಲ್ಲ ಗೊತ್ತು, ಹೇಳುವವರ ಮುಖ ಕಾಣದಿದ್ದಾಗಲೇ ಕಥೆಗೆ ಬಲ ಬರುವುದು. 1938ರ ಅಕ್ಟೋಬರ್ 30ರ ರಾತ್ರಿ ಅಮೆರಿಕದಲ್ಲಿ, ಆಗಿನ್ನೂ 23 ವರ್ಷದ ಆರ್ಸನ್ ವೆಲ್ಸ್, ಮಂಗಳ ಗ್ರಹದವರು ಭೂಮಿಗಿಳಿಯುವ ಕಾದಂಬರಿಯೊಂದನ್ನು ವಾರ್ತೆ ಓದುವ ಧಾಟಿಯಲ್ಲಿ ಬಾನುಲಿ ನಾಟಕ ಮಾಡಿದರು. ನಡುವೆ ರೇಡಿಯೋ ಹಾಕಿದ ಕೆಲವರು ಅದು ನಿಜವಾದ ವಾರ್ತೆಯೆಂದೇ ತಿಳಿದು ಗಾಬರಿಬಿದ್ದರು. ಆ ನಾಟಕದಲ್ಲಿ ಮಂಗಳದವರು ಬಂದಿಳಿದ ಜಾಗ ಯಾವುದೋ ಕಲ್ಪನೆಯ ಊರಲ್ಲ, ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್ ಎಂಬ ನಿಜವಾದ ಸಣ್ಣ ಹಳ್ಳಿ. ಗಾಬರಿಗೆ ಅರ್ಧ ಕಾರಣ ಅದೇ ಎಂದು ನಾನು ನಂಬಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಜಯನಗರ, ಬನಶಂಕರಿಗಳ ನಡುವೆ. ಹಗಲು ಲೆಕ್ಕಪತ್ರದ ಕೆಲಸ. ರಜೆ ಸಿಕ್ಕಾಗ ಗೆಳೆಯರ ಜೊತೆ ಸೇರಿ ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುತ್ತೇನೆ, ಎಲ್ಲವೂ ದೆವ್ವದವೇ. ಹಬ್ಬಕ್ಕೆ ಮನೆಗೆ ಬಂದಾಗಲೆಲ್ಲ ನಮ್ಮ ದೊಡ್ಡಮ್ಮ ಕೇಳುತ್ತಾರೆ, "ಲಕ್ಷಣವಾಗಿ ಒಂದು ಪ್ರೀತಿ ಕಥೆ ತೆಗೆಯೋದಲ್ವೇನೇ? ಹೆಣ್ಣುಮಗು, ನಿನಗ್ಯಾಕೆ ಈ ದೆವ್ವ ಪಿಶಾಚಿ ಸಹವಾಸ?" ಅವರಿಗೆ ಹೇಳುವ ಉತ್ತರವನ್ನೇ ಇಲ್ಲೂ ಹೇಳುತ್ತೇನೆ. ಪ್ರೀತಿ ಕಥೆ ಎಲ್ಲಿ ಬೇಕಾದರೂ ನಡೆದೀತು. ನಾಯಕ ನಾಯಕಿ ಸ್ವಿಟ್ಜರ್ಲೆಂಡಿನ ಹಿಮದಲ್ಲಿ ಹಾಡಿ ಬಂದರೂ ನಾವು ಒಪ್ಪುತ್ತೇವೆ. ಹೆದರಿಕೆ ಹಾಗಲ್ಲ. ಅದಕ್ಕೆ ವಿಳಾಸ ಬೇಕು: ಯಾವ ಅಡ್ಡರಸ್ತೆ, ಯಾವ ಮನೆ, ಒಳಗಿನಿಂದ ಅಗುಳಿ ಹಾಕಿದ ಯಾವ ಬಾಗಿಲು. ಆ ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿ ಯಾರಿಗೋ ಆದ ಅನ್ಯಾಯ ಸಿಗುತ್ತದೆ. ಹಗಲಲ್ಲಿ ಯಾರೂ ಮಾತಾಡದ ಅನ್ಯಾಯ.

ನಮ್ಮ ಊರಿನ ಅತ್ಯುತ್ತಮ ದೆವ್ವದ ಕಥೆಗೆ ಲೇಖಕರಿಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ರಾತ್ರಿ ಹೊತ್ತು ಒಬ್ಬಳು ಬಂದು ಬಾಗಿಲು ತಟ್ಟುತ್ತಾಳೆ, ನಿಮಗೆ ಬೇಕಾದವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತಾಳೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂಬ ಸುದ್ದಿ ಮನೆಯಿಂದ ಮನೆಗೆ ಹಬ್ಬಿತ್ತು. 'ನಾಳೆ ಬಾ' ಅಂತ ಬರೆದಿದ್ದರೆ ಓದಿಕೊಂಡು ಹಿಂದಿರುಗುತ್ತಾಳೆ. ಮಾರನೆಯ ರಾತ್ರಿ ಮತ್ತೆ ಬರುತ್ತಾಳೆ, ಮತ್ತೆ ಅದೇ ಬರಹ. ನಾನು ಹುಟ್ಟುವ ಮೊದಲಿನ ಸಂಗತಿ ಇದು. ಒಮ್ಮೆ ಅಜ್ಜಿಯನ್ನು ಕೇಳಿದೆ, "ಅಜ್ಜಿ, ನಮ್ಮನೇಲೂ ಬರೆದಿದ್ರಾ?"

"ನಿಮ್ಮ ತಾತ ಬೇಡ ಅಂದ್ರು, ಮೂಢನಂಬಿಕೆ ಅಂತ ಬೈದ್ರು. ಅವರು ಮಲಗಿದ ಮೇಲೆ ನಾನೇ ಎದ್ದು ಸೀಮೆಸುಣ್ಣದಲ್ಲಿ ಬರೆದೆ ಕಣೆ. ಬೆಳಗ್ಗೆ ಬಾಗಿಲಿಗೆ ನೀರು ಹಾಕೋ ಮುಂಚೆ ಒರೆಸಿಬಿಡ್ತಿದ್ದೆ."

ಅಜ್ಜಿಯ ಈ ಮಾತಿನಲ್ಲಿ ಒಂದು ಇಡೀ ಸಿನಿಮಾ ಇದೆ. ಗಂಡನಿಗೆ ಗೊತ್ತಾಗದ ಹಾಗೆ ರಾತ್ರಿ ಎದ್ದು, ಹೊರಗಿನಿಂದ ಬಾಗಿಲ ಮೇಲೆ ಬರೆಯಬೇಕೆಂದರೆ ಮೊದಲು ಆ ಬಾಗಿಲನ್ನು ತೆರೆಯಬೇಕು. ಹೆದರಿಕೆಗೆ ಕಾರಣವಾದ ಕತ್ತಲಿಗೇ ಕಾಲಿಡಬೇಕು. ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದು ಕೈಯಲ್ಲಿ ಬಾಗಿಲ ಚಿಲಕ. ಮನೆ ಕಾಯುವ ಕೆಲಸವನ್ನು ಅವರು ಒಬ್ಬರೇ, ಯಾರಿಗೂ ಹೇಳದೆ ಮಾಡಿದ್ದರು. 2018ರಲ್ಲಿ ಬಂದ 'ಸ್ತ್ರೀ' ಎಂಬ ಹಿಂದಿ ಚಿತ್ರ ಈ ಎಳೆಯನ್ನು ಮಧ್ಯಪ್ರದೇಶದ ಚಂದೇರಿಗೆ ಕೊಂಡೊಯ್ದು ದೇಶಕ್ಕೆಲ್ಲ ಪರಿಚಯಿಸಿತು. ಒಳ್ಳೆಯ ಚಿತ್ರ, ನನಗೂ ಇಷ್ಟ. ಆದರೆ ನಮ್ಮ ಅಜ್ಜಿಯಂಥವರ ಸೀಮೆಸುಣ್ಣ ಅದರಲ್ಲಿಲ್ಲ. ಅದು ನಾವು ಹೇಳಬೇಕಾದ ಕಥೆ.

ಕನ್ನಡದ ದೆವ್ವದ ಸಿನಿಮಾ ಎಂದಾಗ ಹಿರಿಯರು ಮೊದಲು ನೆನೆಯುವುದು 1979ರ 'ನಾ ನಿನ್ನ ಬಿಡಲಾರೆ'. ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ, ವಿಜಯ್ ನಿರ್ದೇಶಿಸಿದ ಚಿತ್ರ. ಒಬ್ಬ ಗಂಡಸಿನ ಮೈಮೇಲೆ ಹೆಣ್ಣಿನ ಆತ್ಮ ಬರುವುದನ್ನು ಅನಂತನಾಗ್ ಕತ್ತಿನ ಒಂದು ತಿರುವಿನಲ್ಲಿ, ನೋಟದ ಒಂದು ಬದಲಾವಣೆಯಲ್ಲಿ ತೋರಿಸುತ್ತಾರೆ. ಅದನ್ನು ನಾನು ಸದ್ದು ಆರಿಸಿಯೂ ನೋಡಿದ್ದೇನೆ. ಆಗಲೂ ಮೈ ಜುಮ್ಮೆನ್ನುತ್ತದೆ. ಉಪೇಂದ್ರ 1993ರಲ್ಲಿ 'ಶ್!' ತೆಗೆದಾಗ ಸಿನಿಮಾ ತಂಡವೊಂದು ಚಿತ್ರೀಕರಣಕ್ಕೆ ಹೋದ ಜಾಗದಲ್ಲೇ ಭಯವನ್ನು ಹುಟ್ಟಿಸಿದರು. ನಮ್ಮಂಥ ಹವ್ಯಾಸಿಗಳಿಗೆ ಅದು ಈಗಲೂ ಪಾಠ. ಕ್ಯಾಮೆರಾ ಹಿಡಿದವರೂ ಕಥೆಯೊಳಗೆ ಬರಬಹುದು ಎಂಬುದನ್ನು ಕನ್ನಡ ಅಷ್ಟು ಹಿಂದೆಯೇ ಕಂಡುಕೊಂಡಿತ್ತು. 2013ರ '6-5=2' ಅದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಗಿ, ಚಾರಣಕ್ಕೆ ಹೋದ ಹುಡುಗರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬಂತೆ ಇಡೀ ಚಿತ್ರ ಕಟ್ಟಿತು.

'ಆಪ್ತಮಿತ್ರ'ವನ್ನು ನೋಡದ ಮನೆ ನಮ್ಮ ಬೀದಿಯಲ್ಲಿಲ್ಲ. ಫಾಜಿಲ್ ಅವರ ಮಲಯಾಳಂ 'ಮಣಿಚಿತ್ರತಾಳ್' 1993ರದು. ಅದನ್ನು ಪಿ. ವಾಸು 2004ರಲ್ಲಿ 'ಆಪ್ತಮಿತ್ರ'ವಾಗಿ ಕನ್ನಡಕ್ಕೆ ತಂದರು. ಅದರ ನಾಯಕಿ ಸೌಂದರ್ಯ ಅದೇ ವರ್ಷದ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಚಿತ್ರ ತೆರೆಗೆ ಬಂದದ್ದು ಆಗಸ್ಟ್‌ನಲ್ಲಿ. ಪರದೆಯ ಮೇಲೆ ನಾಗವಲ್ಲಿಯಾಗಿ ಕಣ್ಣರಳಿಸಿದ ನಟಿ ಆಗಲೇ ಇರಲಿಲ್ಲ. ಆ ವರ್ಷ ಚಿತ್ರ ನೋಡಿದ ಅಮ್ಮ ಈಗಲೂ ಆ ಚಿತ್ರದ ಹಾಡು ಟಿ.ವಿ.ಯಲ್ಲಿ ಬಂದರೆ ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ. ಆಗ ಅವರ ಮುಖದಲ್ಲಿ ಕಾಣುವುದು ಸಂಕಟ.

ನಾಗವಲ್ಲಿ ಯಾರು? ಅರಮನೆಯ ಒಬ್ಬ ಅರಸ ಕೂಡಿಹಾಕಿ ಕೊಂದ ನರ್ತಕಿ. ನಮ್ಮ ಸಿನಿಮಾದ ದೆವ್ವಗಳು ಹೆಚ್ಚಾಗಿ ಹೆಂಗಸರೇ, ಮತ್ತು ಹೆಚ್ಚಾಗಿ ಅನ್ಯಾಯವಾಗಿ ಸತ್ತವರೇ. ಬದುಕಿದ್ದಾಗ ಅವರ ಮಾತು ಯಾರೂ ಕೇಳಲಿಲ್ಲ, ಸತ್ತ ಮೇಲೆ ಕೇಳದೆ ವಿಧಿಯಿಲ್ಲ. ಇದನ್ನು ಬರೀ ಮನರಂಜನೆ ಎಂದು ತಳ್ಳಿಹಾಕುವವರ ಜೊತೆ ನಾನು ಜಗಳವಾಡುತ್ತೇನೆ. ಹಾಗೆಂದು ಎಲ್ಲ ಚಿತ್ರಗಳನ್ನೂ ಒಪ್ಪುವುದಿಲ್ಲ. ಬಿಳಿ ಸೀರೆ, ಹರಡಿದ ಕೂದಲು, ಕೊನೆಗೊಬ್ಬ ಮಂತ್ರವಾದಿ ಬಂದು ಅವಳನ್ನು ಹೊಡೆದು ಸುಟ್ಟು ಕಳಿಸುವುದು. ಅಂಥ ಚಿತ್ರ ಅವಳನ್ನು ಎರಡನೇ ಸಲ ಕೊಲ್ಲುತ್ತದೆ. 2025ರಲ್ಲಿ ಬಂದ 'ಸು ಫ್ರಮ್ ಸೋ' ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಕಾಸರಗೋಡು ಜಿಲ್ಲೆಯ ತೂಮಿನಾಡಿನವರಾದ ಜೆ.ಪಿ. ತೂಮಿನಾಡು ತೆಗೆದ ಆ ಚಿತ್ರದಲ್ಲಿ ಊರಿಡೀ ಒಂದು ಸುಳ್ಳು ದೆವ್ವದ ಹಿಂದೆ ಓಡುತ್ತದೆ, ಸಭಾಂಗಣವಿಡೀ ನಗುತ್ತದೆ. ಆ ಓಟ ಹೋಗಿ ನಿಲ್ಲುವುದು ಬದುಕಿರುವ ಒಬ್ಬ ಹೆಣ್ಣುಮಗಳ ಕಷ್ಟದ ಮುಂದೆ.

ವಿಳಾಸದ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ನನ್ನ ಪಾಲಿಗೆ ಬೆಂಗಳೂರಿನ ನಿಜವಾದ ದೆವ್ವದ ಚಿತ್ರ ಪವನ್ ಕುಮಾರ್ ಅವರ 'ಯೂ ಟರ್ನ್'. 2016ರದು. ಅದಕ್ಕೂ ಮೊದಲು, 2013ರಲ್ಲಿ, ಅವರು ಪ್ರೇಕ್ಷಕರಿಂದಲೇ ಹಣ ಕೂಡಿಸಿ 'ಲೂಸಿಯಾ' ತೆಗೆದಿದ್ದರು. ನಮ್ಮ ವಯಸ್ಸಿನ ಎಷ್ಟೋ ಮಂದಿಗೆ ಕ್ಯಾಮೆರಾ ಹಿಡಿಯಲು ಧೈರ್ಯ ಕೊಟ್ಟದ್ದು ಆ ಸುದ್ದಿ. 'ಯೂ ಟರ್ನ್' ನಡೆಯುವುದು ಡಬಲ್ ರೋಡಿನ ಮೇಲ್ಸೇತುವೆಯಲ್ಲಿ, ಲಾಲ್‌ಬಾಗಿನಿಂದ ಕೂಗಳತೆ ದೂರ. ಬೈಕಿನವರು ಮುಂದಿನ ತಿರುವಿನವರೆಗೆ ಹೋಗಲು ಬೇಸರಪಟ್ಟು ರಸ್ತೆ ವಿಭಜಕದ ಕಲ್ಲುಗಳನ್ನು ಸರಿಸಿ ತಿರುಗಿಕೊಳ್ಳುತ್ತಾರೆ. ಕಲ್ಲು ಅಲ್ಲೇ ರಸ್ತೆಯ ಮೇಲೆ ಉಳಿಯುತ್ತದೆ. ಹಾಗೆ ತಿರುಗಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಪಾಳು ಬಂಗಲೆ ಇಲ್ಲ, ಅಮಾವಾಸ್ಯೆ ಇಲ್ಲ. ನಾವು ದಿನಾ ಮಾಡುವ, ಮಾಡಿ ಮರೆಯುವ ಒಂದು ತಪ್ಪು ಮಾತ್ರ. ಸಿನಿಮಾ ನೋಡಿ ಬಂದ ಮೇಲೆ ಆ ಸೇತುವೆ ಹತ್ತುವಾಗ ನಮ್ಮಣ್ಣ ಗಾಡಿಯ ವೇಗ ಇಳಿಸಿದ. ಹಿಂದೆ ಕೂತಿದ್ದ ನಾನು ಏನೂ ಕೇಳಲಿಲ್ಲ, ಅವನೂ ಏನೂ ಹೇಳಲಿಲ್ಲ.

ವಿಳಾಸದ ಕೆಳಗಿನ ನೆಲವೂ ಹೆದರಿಸಬಲ್ಲದು. ಅಮೆರಿಕದ 'ಪೋಲ್ಟರ್‌ಗೈಸ್ಟ್' ಚಿತ್ರ 1982ರದು. ಹಳೆಯ ಸ್ಮಶಾನದ ಮೇಲೆ ಬಡಾವಣೆ ಕಟ್ಟಿದ್ದರಿಂದ ಆ ಮನೆಗಳಿಗೆ ಕಾಟ. ನಮ್ಮಲ್ಲಿ ಬಡಾವಣೆಯ ಕೆಳಗೆ ಏನಿದೆ? ಕೆರೆ ಇದೆ, ಗದ್ದೆ ಇದೆ, ಹಳ್ಳಿ ಇದೆ. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಪಕ್ಕದ ಕೋರಮಂಗಲದಲ್ಲಿ ಎಸ್.ಟಿ. ಬೆಡ್ ಬಡಾವಣೆ ಇದೆ, ಶ್ರೀನಿವಾಗಿಲು ಕೆರೆಯ ಅಂಗಳ. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಹಾಕಿದಾಗ ಸುತ್ತ ಇದ್ದದ್ದು ಹಳ್ಳಿಗಳೇ. ಸಾರಕ್ಕಿಯ, ಜರಗನಹಳ್ಳಿಯ ಗಲ್ಲಿಗಳಲ್ಲಿ ಅಪಾರ್ಟ್‌ಮೆಂಟುಗಳ ನಡುವೆ ಮಾರಮ್ಮನ ಸಣ್ಣ ಗುಡಿಗಳು ಇನ್ನೂ ಇವೆ. ಊರು ಹೋದರೂ ಊರದೇವತೆ ಹೋಗಿಲ್ಲ. ಜೋರು ಮಳೆ ಬಂದ ರಾತ್ರಿ ತಗ್ಗಿನ ಮನೆಗಳ ಸಂಪಿನೊಳಗೆ ನೀರು ತಾನಾಗಿ ಏರುತ್ತದೆ, ಮುಚ್ಚಳ ಅಲ್ಲಾಡುತ್ತದೆ. ಕೆರೆ ತನ್ನ ಜಾಗ ಕೇಳಲು ಬಂದಿದೆ ಎಂದರೆ ಅದರಲ್ಲಿ ಉತ್ಪ್ರೇಕ್ಷೆ ಏನಿದೆ? ಇಂಥ ಕಥೆ ಯಾರಾದರೂ ಬರೆಯಲಿ, ನಾನು ಕ್ಯಾಮೆರಾ ಹಿಡಿದು ಬರುತ್ತೇನೆ.

ಪುಸ್ತಕಗಳ ವಿಷಯ. ನನ್ನ ತಲೆಮಾರಿನವರಿಗೆ ಭಯ ಕಲಿಸಿದ್ದು ಇಂಗ್ಲಿಷಿನ ಸ್ಟೀಫನ್ ಕಿಂಗ್ ಎಂದು ಹಲವರು ಹೇಳುತ್ತಾರೆ. ನನಗೆ ಮೊದಲು ಕಲಿಸಿದ್ದು ಮನೆಯ ಅಟ್ಟದಲ್ಲಿದ್ದ 'ಚಂದಮಾಮ'ದ ಕಟ್ಟು. ವಿಕ್ರಮ ಕತ್ತಿ ಹಿಡಿದು, ಹೆಗಲ ಮೇಲೆ ಹೆಣ ಹೊತ್ತು ನಡೆಯುವ ಆ ಚಿತ್ರ ಬರೆದವರು ಕಲಾವಿದ ಶಂಕರ್, ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. ಆ ಕಥೆಯ ಕಟ್ಟು ಎಂಥದು ನೋಡಿ. ಹೆಣ ಮಾತಾಡುತ್ತದೆ, ಪ್ರಶ್ನೆ ಕೇಳುತ್ತದೆ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳು, ಹೇಳಿದರೆ ಮೌನ ಮುರಿದು ಹೆಣ ಮತ್ತೆ ಮರಕ್ಕೆ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಹದಿಮೂರು ವರ್ಷದವಳಾಗಿದ್ದಾಗ ಓದಿದ್ದು ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'. ತೆಲುಗಿನಿಂದ ಕನ್ನಡಕ್ಕೆ ಬಂದು ಮನೆಮಾತಾದ ಕಾದಂಬರಿ, 1985ರಲ್ಲಿ ವೇಮಗಲ್ ಜಗನ್ನಾಥರಾವ್ ಅದನ್ನು ಕನ್ನಡದಲ್ಲಿ ಸಿನಿಮಾ ಮಾಡಿದರು. ಒಂದು ಮಗುವಿನ ಮೇಲೆ ಮಾಟ. ಮಂತ್ರವಾದಿಗಳೂ ಹೋರಾಡುತ್ತಾರೆ, ವೈದ್ಯರೂ ಹೋರಾಡುತ್ತಾರೆ. ಎರಡರಲ್ಲಿ ಯಾವುದು ನಿಜ ಎಂದು ಓದುವವರ ಮನಸ್ಸು ತೂಗಾಡುತ್ತಲೇ ಇರುತ್ತದೆ. ತ್ರಿವೇಣಿಯವರ 'ಬೆಕ್ಕಿನ ಕಣ್ಣು', 'ಶರಪಂಜರ'ಗಳಲ್ಲಿ ದೆವ್ವವೇ ಇಲ್ಲ, ಇರುವುದು ಮನಸ್ಸು. ಆದರೂ ರಾತ್ರಿ ಒಬ್ಬಳೇ ಓದುವಾಗ ನಾನು ಎದ್ದು ಹೋಗಿ ಕಿಟಕಿ ಹಾಕಿದ್ದು ಅವನ್ನು ಓದುವಾಗಲೇ.

ಆದರೆ ಕನ್ನಡದಲ್ಲಿ ಭಯಾನಕದ ಶಿಖರ ಯಾವುದೆಂದು ಕೇಳಿದರೆ ನಾನು ಹತ್ತನೆಯ ಶತಮಾನದ ರನ್ನನ ಹೆಸರು ಹೇಳುತ್ತೇನೆ. 'ಗದಾಯುದ್ಧ'ದಲ್ಲಿ ದುರ್ಯೋಧನ ಸಂಜಯನ ಕೈ ಹಿಡಿದು ಯುದ್ಧಭೂಮಿಯಲ್ಲಿ ನಡೆದುಹೋಗುವ ಭಾಗ. ಕಾಲಿಗೆ ಸಿಗುವುದೆಲ್ಲ ಹೆಣ. ಆನೆ, ಕುದುರೆ, ಬಂಧು, ಗೆಳೆಯ, ಗುರು, ತಮ್ಮ. ಮರುಳುಗಳು, ಅಂದರೆ ಪಿಶಾಚಿಗಳು, ಅಲ್ಲಿ ಹಬ್ಬ ಮಾಡುತ್ತಿವೆ. ಒಂದು ಮರುಳು ಈ ಚಕ್ರವರ್ತಿಯನ್ನು ಕಂಡು ಹೆದರುವುದಿಲ್ಲ, ಹಂಗಿಸುತ್ತದೆ. ನಿಜವಾದ ಮರುಳು ಯಾರು, ತಾನೋ ಅವನೋ ಎಂದು ಕೇಳುತ್ತದೆ. ಕಾಲೇಜಿನಲ್ಲಿ ಇದನ್ನು ಪರೀಕ್ಷೆಗಾಗಿ ಓದಿಸಿದರು, ಛಂದಸ್ಸು ಹಿಡಿದು ಗಣ ವಿಂಗಡಿಸಿದೆವು. ಯಾರೂ ದೀಪ ಆರಿಸಿ ಓದಿ ಹೇಳಲಿಲ್ಲ. ಸಾವಿರ ವರ್ಷ ಹಿಂದೆ ಮುಧೋಳದ ಕವಿ ಮಾಡಿದ್ದನ್ನು ಇವತ್ತಿನ ಯಾವ ಗ್ರಾಫಿಕ್ಸೂ ಮಾಡಿಲ್ಲ: ದೆವ್ವವನ್ನು ಹೆಣಗಳ ನಡುವೆ ನಿಲ್ಲಿಸಿ ಅದರ ಬಾಯಿಂದ ನ್ಯಾಯ ಹೇಳಿಸಿದ. ನಮ್ಮ ಲಾಕ್ಷಣಿಕರು ಭಯಾನಕವನ್ನೂ ಬೀಭತ್ಸವನ್ನೂ ಬೇರೆ ಬೇರೆ ರಸವಾಗಿಯೇ ಇಟ್ಟರು. ಅಸಹ್ಯ ಹುಟ್ಟಿಸುವುದು ಒಂದು, ಹೆದರಿಸುವುದು ಇನ್ನೊಂದು. ಈಗಿನ ಬಹಳಷ್ಟು ಚಿತ್ರಗಳು ಕರುಳು ತೋರಿಸಿ ಹೆದರಿಸಿದೆವು ಅಂದುಕೊಳ್ಳುತ್ತವೆ. ರನ್ನನಿಗೆ ಎರಡೂ ಗೊತ್ತಿತ್ತು, ಯಾವುದನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಗೊತ್ತಿತ್ತು.

ಇನ್ನೊಂದು ಪುಸ್ತಕದ ಗುಂಪನ್ನು ಯಾರೂ ಹಾರರ್ ಎಂದು ಕರೆಯುವುದಿಲ್ಲ, ನಾನು ಕರೆಯುತ್ತೇನೆ. ಬೆಂಗಳೂರಿನಲ್ಲೇ ಬಾಳಿದ ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕಥೆಗಳು' ಮಾಲೆಯಲ್ಲಿ ಕನ್ನಡಕ್ಕೆ ತಂದರು. 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಎಂಬ ಹೆಸರುಗಳನ್ನೇ ನೋಡಿ, ಎಲ್ಲ ನಮ್ಮ ಬಸ್ಸು ಹೋಗುವ ಊರುಗಳು. ಮರದ ಮೇಲೆ ಕೂತು ಕಾಯುವುದು, ಜೀರುಂಡೆಯ ಸದ್ದು ಥಟ್ಟನೆ ನಿಲ್ಲುವುದು, ಕಾಣದ ಒಂದು ಪ್ರಾಣಿ ಕೆಳಗೆ ಬಂದಿದೆ ಎಂದು ಮೈಗೆ ಗೊತ್ತಾಗುವುದು. 2023ರ ಅಕ್ಟೋಬರ್ ಕೊನೆಯಲ್ಲಿ ಸಿಂಗಸಂದ್ರ, ಕೂಡ್ಲು ಗೇಟ್ ಕಡೆ ಒಂದು ಚಿರತೆ ಬಂದಿತ್ತು, ನೆನಪಿದೆಯೇ? ಅಪಾರ್ಟ್‌ಮೆಂಟಿನ ಸಿಸಿಟಿವಿಯಲ್ಲಿ ಸಿಕ್ಕ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಅಲ್ಲಾಡದ ಕ್ಯಾಮೆರಾ, ಸಂಗೀತ ಇಲ್ಲ, ಮಾತಿಲ್ಲ. ಮೂಲೆಯಲ್ಲಿ ಗಂಟೆ ನಿಮಿಷ ತೋರಿಸುವ ಅಂಕಿ ಓಡುತ್ತಿದೆ. ಪಾರ್ಸೆಲ್ಲು, ಮಕ್ಕಳ ಸೈಕಲ್ಲು ಓಡಾಡುವ ಜಾಗದಲ್ಲಿ ಚಿರತೆ ನಡೆದುಹೋಗುತ್ತದೆ. ನಾನು ಕಂಡ ಅತ್ಯಂತ ಭಯದ ಚಿತ್ರಣಗಳಲ್ಲಿ ಅದೂ ಒಂದು. ಹಿಡಿಯುವ ಕಾರ್ಯಾಚರಣೆಯಲ್ಲಿ ಅದು ನವೆಂಬರ್ 1ರಂದು ಸತ್ತುಹೋಯಿತು ಎಂದು ಕೇಳಿದಾಗ ಅದೇ ದೃಶ್ಯವನ್ನು ಮತ್ತೆ ನೋಡಿದೆ. ಈಗ ದಾರಿ ತಪ್ಪಿ ಹೆದರಿದ್ದು ಅದೇ ಎಂದು ಕಂಡಿತು.

ಇನ್ನು ನಾವು ಚಿತ್ರ ತೆಗೆಯುವ ಬಗೆ. ದುಡ್ಡಿಲ್ಲ, ದೀಪಗಳಿಲ್ಲ, ನಟರೂ ನಾವೇ. ಅದು ಕೊರತೆ ಎಂದು ಯಾರೂ ಕುಗ್ಗಬೇಕಾಗಿಲ್ಲ. ಸ್ವೀಡನ್ನಿನ ಡೇವಿಡ್ ಸ್ಯಾಂಡ್‌ಬರ್ಗ್ 2013ರಲ್ಲಿ ತಮ್ಮ ಮನೆಯಲ್ಲೇ, ಹೆಂಡತಿ ಲೊಟ್ಟಾ ಲೋಸ್ಟೆನ್ ಅವರೊಬ್ಬರನ್ನೇ ನಿಲ್ಲಿಸಿಕೊಂಡು 'ಲೈಟ್ಸ್ ಔಟ್' ಎಂಬ ಮೂರು ನಿಮಿಷವೂ ತುಂಬದ ಚಿತ್ರ ತೆಗೆದರು. ದೀಪ ಆರಿಸಿದರೆ ಕಾಣುತ್ತದೆ, ಹಾಕಿದರೆ ಇಲ್ಲ. ಅಷ್ಟೇ ಕಥೆ. 2016ಕ್ಕೆ ಅದೇ ಹಾಲಿವುಡ್ಡಿನ ದೊಡ್ಡ ಚಿತ್ರವಾಯಿತು. ಓರೆನ್ ಪೆಲಿ 'ಪ್ಯಾರಾನಾರ್ಮಲ್ ಆಕ್ಟಿವಿಟಿ' ತೆಗೆದದ್ದೂ ಸ್ವಂತ ಮನೆಯಲ್ಲೇ. ರಾತ್ರಿ ನಿಮ್ಮ ಮನೆಯಲ್ಲಿ ಯಾವ ಬಾಗಿಲು ಕಿರುಗುಟ್ಟುತ್ತದೆ, ಯಾವ ಸ್ವಿಚ್ಚು ತಡವಾಗಿ ಹತ್ತುತ್ತದೆ ಎಂದು ನಿಮಗಿಂತ ಚೆನ್ನಾಗಿ ಯಾವ ದೊಡ್ಡ ನಿರ್ದೇಶಕರಿಗೂ ಗೊತ್ತಿಲ್ಲ.

ನಮ್ಮ ತಂಡದಲ್ಲಿ ಸದ್ದಿನ ಕೆಲಸ ನನ್ನದು. "ಮಗಾ, ಮೊದಲು ಸೌಂಡ್ ಕೇಳಿಸ್ಕೋ, ಲೈಟ್ ಆಮೇಲೆ" ಅಂತ ಹುಡುಗರಿಗೆ ಹೇಳಿ ಹೇಳಿ ಈಗ ಅವರೇ ನನಗೆ ಹೇಳುತ್ತಾರೆ. ಒಣಗಿದ ತೆಂಗಿನ ಗರಿಯನ್ನು ತಾರಸಿಯ ಮೇಲೆ ಮೆಲ್ಲಗೆ ಎಳೆದರೆ ಕೆಳಗಿನ ಕೋಣೆಯಲ್ಲಿ ಯಾರೋ ಸೀರೆಯ ಸೆರಗು ಎಳೆದುಕೊಂಡು ನಡೆದಂತೆ ಕೇಳುತ್ತದೆ. ಎಳೆಯುವುದನ್ನು ನಿಲ್ಲಿಸಿದಾಗ ಬರುವ ನಿಶ್ಶಬ್ದವನ್ನೂ ರೆಕಾರ್ಡ್ ಮಾಡಬೇಕು, ಅದಕ್ಕೂ ಒಂದು ಸದ್ದಿದೆ. ಎಳೆ ನುಗ್ಗೆಕಾಯಿ ಮುರಿದರೆ ಬೆರಳು ಮುರಿದ ಸದ್ದು, ಬಾಳೆದಿಂಡು ಮುರಿದರೆ ಇನ್ನೂ ದೊಡ್ಡ ಮೂಳೆಯದು. ರಾಗಿ ಮುದ್ದೆಗಿಟ್ಟ ಎಸರು ದಪ್ಪಗಾಗಿ ಬುಳಕ್ ಬುಳಕ್ ಅನ್ನುವಾಗ ಮೈಕನ್ನು ಹತ್ತಿರ ಹಿಡಿದರೆ ಬೀಭತ್ಸ ರಸ ಕಿವಿಗೇ ಬಂದುಬಿಡುತ್ತದೆ. ಕರೆಂಟ್ ಹೋದಾಗ ಯು.ಪಿ.ಎಸ್. ಹಾಕುವ ಬೀಪ್ ಸದ್ದು, ತುಂಬಿದ ಟ್ಯಾಂಕಿನಿಂದ ನಡುರಾತ್ರಿ ಸುರಿಯುವ ನೀರು, ಪಕ್ಕದ ಮನೆಯ ಸಂಪಿನ ಮೋಟಾರು ಥಟ್ಟನೆ ನಿಲ್ಲುವುದು. ಇವೆಲ್ಲ ದಕ್ಷಿಣ ಬೆಂಗಳೂರಿನ ಜೀರುಂಡೆಗಳು.

ರಕ್ತಕ್ಕೆ ಅಂಗಡಿಯ ಬಣ್ಣ ಬೇಡ. 1960ರ 'ಸೈಕೋ' ಚಿತ್ರದಲ್ಲಿ ಹಿಚ್‌ಕಾಕ್ ಚಾಕೊಲೇಟ್ ಪಾಕ ಬಳಸಿದರು, ಕಪ್ಪುಬಿಳುಪು ಚಿತ್ರವಾದ್ದರಿಂದ ಅದು ನಡೆಯಿತು. ನಾವು ಸಕ್ಕರೆ ಪಾಕಕ್ಕೆ ತಿನ್ನುವ ಕೆಂಪು ಬಣ್ಣ ಹಾಕಿ, ಹೊಳಪು ಇಳಿಸಲು ಒಂದಿಷ್ಟು ಕಾಫಿ ಡಿಕಾಕ್ಷನ್ ಬೆರೆಸುತ್ತೇವೆ. ಅರಿಸಿನಕ್ಕೆ ಸುಣ್ಣ ಬೆರೆಸಿದ ಆರತಿ ನೀರು ನೋಡಲು ತುಂಬ ಚೆನ್ನ, ನೆಲದ ಮೇಲೆ ಚೆಲ್ಲಿದ್ದನ್ನು ತೋರಿಸಲು ಅದನ್ನೇ ಬಳಸುತ್ತೇವೆ. ಮೈಗೆ, ಅದರಲ್ಲೂ ಮುಖಕ್ಕೆ ಸುಣ್ಣ ತಾಗಿಸಬಾರದು. ಆಯುಧಪೂಜೆಯ ಮರುದಿನ ಬೆಳಗ್ಗೆ ಜಯನಗರದ ಯಾವ ಬೀದಿಗೆ ಹೋದರೂ ಕುಂಕುಮ ತುಂಬಿ ಒಡೆದ ಬೂದುಗುಂಬಳದ ಹೋಳುಗಳು ಬಿದ್ದಿರುತ್ತವೆ. ಅಮಾವಾಸ್ಯೆಯ ಮಾರನೆ ದಿನ ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ. ಲ್ಯಾಪ್‌ಟಾಪ್ ಬೆನ್ನಿಗೇರಿಸಿಕೊಂಡು ಸ್ಕೂಟರಿನಲ್ಲಿ ಹೋಗುವವರೂ ಅದನ್ನು ಬಳಸಿಕೊಂಡು ಹೋಗುತ್ತಾರೆ. ಆ ಬಳಸುವಿಕೆಯನ್ನು ಬಾಲ್ಕನಿಯಿಂದ ಒಂದು ಬೆಳಗಿನ ಹೊತ್ತು ಚಿತ್ರಿಸಿಕೊಂಡಿದ್ದೇವೆ. ಮುಖಗಳು ಕಾಣದಂತೆ ಚಕ್ರಗಳು ಮಾತ್ರ.

ಎರಡು ಕೆಲಸ ಮಾತ್ರ ನಾವು ಮಾಡುವುದಿಲ್ಲ. ಗೊತ್ತಿಲ್ಲದವರನ್ನು ರಸ್ತೆಯಲ್ಲಿ ಹೆದರಿಸಿ ಅದನ್ನು ಚಿತ್ರಿಸುವುದು ಒಂದು. 2019ರ ನವೆಂಬರ್‌ನಲ್ಲಿ ಯಶವಂತಪುರದ ಕಡೆ ದೆವ್ವದ ವೇಷ ಹಾಕಿ ರಾತ್ರಿ ದಾರಿಹೋಕರನ್ನು ಬೆದರಿಸಿದ ಹುಡುಗರನ್ನು ಪೊಲೀಸರು ಹಿಡಿದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಒಪ್ಪಿ ಕತ್ತಲಲ್ಲಿ ಕೂತವರನ್ನು ಹೆದರಿಸುವುದು ಕಲೆ. ದುಡಿದು ಮನೆಗೆ ಹೋಗುವ ಆಟೋದವರನ್ನು ಹೆದರಿಸುವುದು ಹಿಂಸೆ. ಇನ್ನೊಂದು, ನಿಜವಾದ ಸಾವು ಆದ ಮನೆಗೆ ನುಗ್ಗುವುದು. ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ 'ಟೆರ್ರಾ ವೆರಾ' ಎಂಬ ಹಳೆಯ ಬಂಗಲೆ ಇತ್ತು. 2002ರಲ್ಲಿ ಅಲ್ಲಿ ಒಬ್ಬ ವೃದ್ಧೆಯ ಕೊಲೆಯಾಯಿತು. ಆಮೇಲೆ ಮನೆ ಪಾಳುಬಿದ್ದು, 2014ರಲ್ಲಿ ಕೆಡವುವವರೆಗೂ ದೆವ್ವ ಹುಡುಕುವ ಹುಡುಗರು ಗೋಡೆ ಹಾರುತ್ತಿದ್ದರು. ಅಲ್ಲಿ ಇದ್ದದ್ದು ಒಂದು ಕುಟುಂಬದ ದುಃಖ. ಆ ದುಃಖಕ್ಕೆ ಟಾರ್ಚು ಬಿಡುವ ಹಕ್ಕು ನಮಗಿಲ್ಲ.

ದೊಡ್ಡಮ್ಮನ ಪ್ರಶ್ನೆಯ ಇನ್ನರ್ಧ ಉಳಿದಿದೆ: ಹೆಣ್ಣುಮಗು, ನಿನಗ್ಯಾಕೆ? ರಾತ್ರಿ ಹತ್ತರ ಮೇಲೆ ಬನಶಂಕರಿ ಮೆಟ್ರೊ ಇಳಿದು ನಡೆದು ಮನೆಗೆ ಬರುವ ಯಾವ ಹುಡುಗಿಯನ್ನಾದರೂ ಕೇಳಿ. ಹಿಂದೆ ಬರುವ ಹೆಜ್ಜೆಯ ವೇಗ ಬದಲಾದದ್ದು ಅವಳಿಗೆ ತಿರುಗಿ ನೋಡದೆ ಗೊತ್ತಾಗುತ್ತದೆ. ಬೀದಿದೀಪ ಇಲ್ಲದ ಮರದ ಕೆಳಗೆ ಎಷ್ಟು ಹೆಜ್ಜೆ ಎಂಬ ಲೆಕ್ಕ ಅವಳ ತಲೆಯಲ್ಲಿದೆ. ಬೀಗದ ಕೈ ಬೆರಳುಗಳ ನಡುವೆ ಹಿಡಿದಿರುತ್ತಾಳೆ, ಫೋನಿನಲ್ಲಿ ಯಾರೂ ಇಲ್ಲದಿದ್ದರೂ "ಹ್ಞೂಂ ಅಪ್ಪ, ಬಂದೆ, ಇಲ್ಲೇ ಇದ್ದೀನಿ" ಅನ್ನುತ್ತಾಳೆ. ಶಾಟ್ ಎಲ್ಲಿ ಕತ್ತರಿಸಬೇಕು, ಸದ್ದು ಎಲ್ಲಿ ನಿಲ್ಲಬೇಕು ಎಂದು ಅವಳಿಗೆ ಯಾವ ಸಿನಿಮಾ ಶಾಲೆಯೂ ಕಲಿಸಬೇಕಾಗಿಲ್ಲ. ಭಯದ ಈ ವಿದ್ಯೆ ನಮಗೆ ಬೇಡವೆಂದರೂ ಬಂದಿದೆ. ಬಂದದ್ದನ್ನು ಕಥೆಯಾಗಿ ಹೇಳುವ ಹಕ್ಕು ನಮ್ಮದು.

ಹೇಳಿದ ಕಥೆಯನ್ನು ಒಟ್ಟಿಗೆ ಕೂತು ನೋಡಲು ನಮ್ಮ ಸುತ್ತಲೇ ಜಾಗಗಳಿವೆ. ಬನಶಂಕರಿ ಎರಡನೇ ಹಂತದಲ್ಲಿರುವ ಸುಚಿತ್ರ ಫಿಲಂ ಸೊಸೈಟಿ 1971ರಲ್ಲಿ ಶುರುವಾದ ಸಂಸ್ಥೆ. ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ ಇದೆ. ನಾಟಕ ಶುರುವಾದ ಮೇಲೆ ಅಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ. ಆ ಶಿಸ್ತು ಭಯದ ಕಥೆಗೆ ಎಷ್ಟು ಬೇಕು ಎಂದು ಅಲ್ಲಿ ದೀಪ ಪೂರ್ತಿ ಆರಿದ ಗಳಿಗೆಯಲ್ಲಿ ತಿಳಿಯುತ್ತದೆ. ನೂರಾರು ಜನ ಒಟ್ಟಿಗೆ ಉಸಿರು ಹಿಡಿಯುವುದು ಮೊಬೈಲಿನ ಪರದೆಯಲ್ಲಿ ಸಿಗುವುದಿಲ್ಲ. ಅದಕ್ಕೇ ನಮ್ಮ ಚಿತ್ರಗಳನ್ನು ಗೆಳತಿಯ ಮನೆಯ ತಾರಸಿಯಲ್ಲಿ ಬಿಳಿ ಪಂಚೆ ಕಟ್ಟಿ, ಬೀದಿಯವರನ್ನೆಲ್ಲ ಕರೆದು ತೋರಿಸುತ್ತೇವೆ.

ಈಗ ಕೈಯಲ್ಲಿರುವ ಚಿತ್ರದ ಜಾಗ ಬಿ.ಟಿ.ಎಂ. ಬಡಾವಣೆಯ ಒಂದು ಪಿ.ಜಿ. ಒಂದೇ ಕೋಣೆಯಲ್ಲಿ ಮೂರು ಮಂಚ. ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದ ಹುಡುಗಿಗೆ ಕಿಟಕಿ ಪಕ್ಕದ ಮಂಚ ಸಿಗುತ್ತದೆ. ಬೀರುವಿನ ಬಾಗಿಲ ಒಳಗೆ ಹಿಂದೆ ಇದ್ದವಳು ಅಂಟಿಸಿದ ದೇವರ ಚಿತ್ರ, ಸ್ಟೀಲ್ ಡಬ್ಬಿಯಲ್ಲಿ ಅರ್ಧ ಉಳಿದ ಶೇಂಗಾ ಚಟ್ನಿಪುಡಿ. ಪಾರ್ಸೆಲ್ಲುಗಳು ಇನ್ನೂ ಆ ಹೆಸರಿಗೆ ಬರುತ್ತಿವೆ. ಅವಳು ಎಲ್ಲಿ ಹೋದಳು ಎಂದು ಕೇಳಿದರೆ ಜೊತೆಯವರಿಗೆ ಗೊತ್ತಿಲ್ಲ, ಅಡುಗೆಯ ಅಕ್ಕನಿಗೆ ಗೊತ್ತಿಲ್ಲ, ಬಾಡಿಗೆ ವಸೂಲಿ ಮಾಡುವವರ ಪುಸ್ತಕದಲ್ಲಿ ಮಂಚದ ಸಂಖ್ಯೆ ಇದೆ, ಹೆಸರಿಲ್ಲ. ಆಮೇಲೆ ಕೋಣೆಯ ಲ್ಯಾಂಡ್‌ಲೈನಿಗೆ ಪ್ರತಿ ಭಾನುವಾರ ಒಬ್ಬ ಅಪ್ಪ ಫೋನು ಮಾಡುತ್ತಾರೆ. ಮಗಳು ಊಟ ಮಾಡಿದಳೇ ಎಂದಷ್ಟೇ ಕೇಳುತ್ತಾರೆ. ಹೊಸ ಹುಡುಗಿ ಒಂದು ದಿನ ಬಾಯಿ ತಪ್ಪಿ "ಉಂಡೀನ್ರೀ ಅಪ್ಪಾಜಿ" ಅನ್ನುತ್ತಾಳೆ. ಆ ಉತ್ತರದಿಂದ ಕಥೆ ಶುರು.

ಕಾಣೆಯಾದವಳನ್ನು ಚಿತ್ರದಲ್ಲಿ ಎಲ್ಲೂ ತೋರಿಸಬಾರದೆಂದು ನಾವೆಲ್ಲ ಒಪ್ಪಿದ್ದೇವೆ. ಮಂಚ, ಬೀರು, ಪಾರ್ಸೆಲ್ಲುಗಳ ಶಾಟ್ ಮುಗಿದಿವೆ. ಪಿ.ಜಿ. ಮಾಲೀಕರು ಖಾಲಿ ಕೋಣೆಯನ್ನು ಎರಡು ಮಧ್ಯಾಹ್ನ ಬಿಟ್ಟುಕೊಟ್ಟರು, ಬಾಡಿಗೆ ಕೇಳಲಿಲ್ಲ. ಇನ್ನು ಬಾಕಿ ಇರುವುದು ಫೋನಿನ ದನಿ. ಅದು ಬೆಂಗಳೂರಿನ ಕನ್ನಡವಾದರೆ ಚಿತ್ರ ಕೆಡುತ್ತದೆ. ರಾಯಚೂರು ಸೀಮೆಯ ಮಾತು ಬಾಯಲ್ಲಿರುವ, ಮಗಳನ್ನು ದೂರ ಕಳಿಸಿದ ಒಬ್ಬ ಅಪ್ಪನನ್ನೇ ಹುಡುಕುತ್ತಿದ್ದೇವೆ. ಅವರು ಸಿಕ್ಕ ವಾರವೇ ರೆಕಾರ್ಡಿಂಗ್.